ಅವ್ವನ ಬೆರಕೆ ಮಾತು

ನಾನು ಭಾಷಾವಿಜ್ಞಾನ ಓದಲು ಹೋದದ್ದು ಸಿಟ್ಟಿನಿಂದ. ವಿದ್ಯೆಯ ಮೇಲಿನ ಪ್ರೀತಿ, ಕನ್ನಡದ ಸೇವೆ ಅಂತೆಲ್ಲ ಆಮೇಲೆ ಕೇಳಿದವರಿಗೆ ಹೇಳಿದ್ದುಂಟು. ಕೇಳುವವರಿಗೆ ಅಂಥ ಮಾತು ಹಿತ. ಆದರೆ ಶುರುವಾದದ್ದು ಮಡಿಕೇರಿಯ ಶಾಲೆಯ ಒಂದು ಬೆಂಚಿನ ಮೇಲೆ.

ನಮ್ಮದು ಗಾಳಿಬೀಡಿನ ಕಡೆಯ ಗೌಡರ ಮನೆ. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ. ಅಪ್ಪ, ಅಜ್ಜಿ ಆಡುವುದು ಅರೆಭಾಷೆ. ಕನ್ನಡವೇ, ಆದರೆ ಪುಸ್ತಕದ ಕನ್ನಡವಲ್ಲ. ಓದಲಿಕ್ಕೆಂದು ನನ್ನನ್ನು ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಒಂದು ದಿನ ಹೆತ್ತವರನ್ನು ಕರೆದುಕೊಂಡು ಬರಲು ಹೇಳಿದ್ದ ಮೇಷ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ನಿನ್ನಪ್ಪ ಯಾಕೆ ಬರಲಿಲ್ಲ? ಎಲ್ಲಿದ್ದಾರೆ?"

"ಅಪ್ಪ ಮನೆಲಿ ಒಳೊ," ಎಂದೆ. ಮನೆಯಲ್ಲಿದ್ದಾರೆ ಎನ್ನುವುದಕ್ಕೆ ನಮ್ಮಲ್ಲಿ ಹಾಗೇ ಹೇಳುವುದು.

"ಒಳಗೋ? ಹೊರಗೋ?" ಎಂದರು ಮೇಷ್ಟರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಭಾಷೆಯೇ ಅರೆ, ಇನ್ನು ಬುದ್ಧಿ ಎಷ್ಟಿದ್ದೀತು! ಬೆಂಚಿನ ಮೇಲೆ ಹತ್ತಿ 'ಇದ್ದಾರೆ' ಅನ್ನು. ನಾನು ಸಾಕು ಅನ್ನೋ ತನಕ ಅನ್ನು."

ಹತ್ತಿದೆ. ಅನ್ನಲಿಲ್ಲ. ಗಂಟೆ ಹೊಡೆಯುವ ತನಕ ಬಾಯಿ ಮುಚ್ಚಿಕೊಂಡು ನಿಂತೇ ಇದ್ದೆ. ಧೈರ್ಯ ಎಂದು ಯಾರೂ ತಿಳಿಯಬೇಡಿ. ಬಾಯಿ ತೆರೆದರೆ ಅಳು ಬರುತ್ತದೆ ಎಂದು ಗೊತ್ತಿತ್ತು.

ಅದಾದ ಮೇಲೆ ನಾನು ಮೇಷ್ಟರಿಗೆ ಬೇಕಾದ ಕನ್ನಡವನ್ನೇ ಮಾತಾಡಿದೆ, ಅವರಿಗಿಂತ ಚೆನ್ನಾಗಿ ಬರೆದೆ. ಮಂಗಳೂರಿನಲ್ಲಿ ಕಾಲೇಜು ಸೇರಿದೆ. ಅಲ್ಲಿ ಹಳಗನ್ನಡ ಪಾಠ ಮಾಡುತ್ತಿದ್ದವರು ಒಂದು ದಿನ ಬೋರ್ಡಿನ ಮೇಲೆ "ಒಳಂ, ಒಳಳ್, ಒಳರ್" ಎಂದು ಬರೆದು, "ಇದ್ದಾನೆ, ಇದ್ದಾಳೆ, ಇದ್ದಾರೆ ಎಂದು ಅರ್ಥ. ಎಂಥ ಚೆಲುವಾದ ರೂಪಗಳು ನೋಡಿ. ಪಾಪ, ಸತ್ತುಹೋಗಿವೆ," ಎಂದು ಸೀಮೆಸುಣ್ಣ ಕೆಳಗಿಟ್ಟರು.

ನಾನು ಎದ್ದು ನಿಂತೆ.

"ಸತ್ತಿಲ್ಲ ಸರ್. ಗಾಳಿಬೀಡಿನಲ್ಲಿ ಬದುಕಿವೆ. ಅವನ್ನು ಆಡಿದ್ದಕ್ಕೆ ನಾನು ಬೆಂಚಿನ ಮೇಲೆ ನಿಂತಿದ್ದೇನೆ."

ಅವರು ನಗಲಿಲ್ಲ. ಕ್ಲಾಸು ಮುಗಿದ ಮೇಲೆ ನನ್ನನ್ನು ಕರೆದು ಅಜ್ಜಿಯ ಮಾತು, ಅಪ್ಪನ ಮಾತು ಎಲ್ಲ ಕೇಳಿದರು. ದೂರದ ಹೊರರಾಜ್ಯದ ಬಯಲುಸೀಮೆಯಲ್ಲಿ ಒಂದು ವಿಶ್ವವಿದ್ಯಾಲಯವಿದೆ, ಸರ್ಕಾರದ್ದಲ್ಲ, ಗಿರಣಿ ಮಾಲೀಕರ ಮನೆತನವೊಂದು ಸಂಶೋಧನೆಗೆಂದೇ ಕಟ್ಟಿಸಿದ್ದು, ಅಲ್ಲಿ ಜನ ಆಡುವ ಮಾತನ್ನೇ ಶಾಸ್ತ್ರ ಮಾಡಿ ಓದಿಸುತ್ತಾರೆ ಎಂದು ಅವರೇ ಹೇಳಿದ್ದು. ನೆಂಟರೆಲ್ಲ ನಕ್ಕರು. "ಮಾತು ಕಲಿಯೋಕೆ ಅಷ್ಟು ದೂರ ಕಳಿಸ್ಬೇಕಾ? ಈಗ ಆಡೋದೇ ಹೆಚ್ಚಾಗಿದೆ," ಎಂದು ಚಿಕ್ಕಮ್ಮನೇ ಅಂದಳು. ಅಪ್ಪ ಮಾತ್ರ "ಹೋಲಿ" ಎಂದರು. ಹೋಗಲಿ ಎನ್ನುವುದಕ್ಕೆ ನಮ್ಮಲ್ಲಿ ಅಷ್ಟು ಸಾಕು.

ಆಗ ಕೊಡಗು ತನ್ನದೇ ಮಂತ್ರಿಗಳಿದ್ದ ಒಂದು ಪುಟ್ಟ ರಾಜ್ಯ. ಹಾಸ್ಟೆಲಿನ ಹುಡುಗಿಯರು "ನಿಮ್ಮ ರಾಜ್ಯದ ಭಾಷೆ ಯಾವುದು?" ಎಂದು ಕೇಳುವರು. "ಸಂತೆಯಲ್ಲೋ, ಮನೆಯಲ್ಲೋ, ತೋಟದಲ್ಲೋ?" ಎಂದು ನಾನು. ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುವರು. ಒಂದು ರಾಜ್ಯಕ್ಕೆ ಒಂದು ಭಾಷೆ ಎಂಬ ಮಾತು ಆಗ ದೇಶದ ತುಂಬ ಓಡಾಡುತ್ತಿತ್ತು. ನಮ್ಮ ರಾಜ್ಯದಲ್ಲಿ ಒಂದು ಅಂಗಳಕ್ಕೇ ಒಂದು ಭಾಷೆ ಸಾಲುತ್ತಿರಲಿಲ್ಲ.

ನಮ್ಮ ವಿಭಾಗದ ಪ್ರಾಧ್ಯಾಪಕರು ಕನ್ನಡದವರೇ, ಬಡಗಣ ಸೀಮೆಯವರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಬಿಳಿ ಕೋಟು. ನನಗೆ ಗೊತ್ತಿರುವುದನ್ನೆಲ್ಲ ಕಲಿಸಿದವರು ಅವರೇ. ಅದನ್ನು ಇಲ್ಲಿ ಮೊದಲು ಹೇಳಿಬಿಡಬೇಕು, ಏಕೆಂದರೆ ಮುಂದೆ ಅವರ ಜೊತೆ ಜಗಳವಾಡುತ್ತೇನೆ. ಕನ್ನಡಿ ಹಿಡಿದು ನಾಲಿಗೆಯ ತುದಿ ಎಲ್ಲಿ ತಾಗುತ್ತದೆ ನೋಡುವುದು, ಗಂಟಲ ಮೇಲೆ ಬೆರಳಿಟ್ಟು ನಾದ ಹುಟ್ಟುವುದನ್ನು ತಿಳಿಯುವುದು, ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳುವುದು. ಮೊದಲ ವಾರದಲ್ಲೇ ಅವರು ಅಂದ ಮಾತೊಂದಕ್ಕೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. "ಜನ ಆಡುವ ಮಾತಿನಲ್ಲಿ ತಪ್ಪು ಎಂಬುದಿಲ್ಲ. ನಾವು ತಿದ್ದಲಿಕ್ಕೆ ಬಂದವರಲ್ಲ, ಕೇಳಲಿಕ್ಕೆ ಬಂದವರು."

ಒಂದು ಪಾಠದಲ್ಲಿ ನಾಲಿಗೆಯನ್ನು ಬಾಯಿಯ ನಡುವೆ ಇಟ್ಟು ಹೇಳುವ ಸ್ವರವೊಂದನ್ನು ಹೇಳಿಸಿದರು. ಗಂಡುಹುಡುಗರೆಲ್ಲ ತಿಣುಕಿದರು. ನಾನು ಸಲೀಸಾಗಿ ಹೇಳಿದೆ.

"ನಿನಗಿದು ಎಲ್ಲಿಂದ ಬಂತಮ್ಮ?"

"ನೆರೆಮನೆಯಿಂದ ಸರ್. ಅವರು ಕೊಡವರು. ಅವರ ಮಾತಿನಲ್ಲಿ ಇದು ದಿನಾ ಇರುತ್ತದೆ."

ಅವರಿಗೆ ಬಹಳ ಸಂತೋಷವಾಯಿತು. ಪ್ರಬಂಧಕ್ಕೆ ನನ್ನ ಮನೆಮಾತನ್ನೇ ತೆಗೆದುಕೊಳ್ಳಲು ಹೇಳಿದರು. ರಜೆಯಲ್ಲಿ ಊರಿಗೆ ಹೋಗಿ ಮಾತು ಕೂಡಿಸಿಕೊಂಡು ಬಾ ಎಂದರು. ಒಂದೇ ಒಂದು ನಿಯಮ. ಯಾರ ಮಾತನ್ನು ಬರೆದುಕೊಳ್ಳುತ್ತೇವೋ ಆ ವ್ಯಕ್ತಿ ಅಲ್ಲೇ ಹುಟ್ಟಿ ಬೆಳೆದಿರಬೇಕು, ಬೇರೆ ಭಾಷೆಯ ಸೋಂಕು ತಗುಲಿರಬಾರದು, ಆದಷ್ಟು ವಯಸ್ಸಾಗಿರಬೇಕು, ಆದರೆ ಹಲ್ಲಿರಬೇಕು.

ಅಜ್ಜಿ, ಎಂದರೆ ಅಪ್ಪನ ಅವ್ವ, ಈ ನಿಯಮಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದ್ದಳು. ಹಲ್ಲೂ ಗಟ್ಟಿ. ಅವಳ ಪಕ್ಕ ಕೂತು ನಾನು ಬರೆದುಕೊಂಡೆ. ಮನುಷ್ಯರಾದರೆ "ಒಳೊ", ವಸ್ತುವಾದರೆ "ಉಟ್ಟು". ಅಪ್ಪ ಒಳೊ, ಗಂಜಿ ಉಟ್ಟು. ಈ ಎರಡನ್ನು ಅಜ್ಜಿ ಯಾವತ್ತೂ ಅದಲುಬದಲು ಮಾಡುತ್ತಿರಲಿಲ್ಲ. ಪುಸ್ತಕದ ಕನ್ನಡದಲ್ಲಿ ಎರಡಕ್ಕೂ ‘ಇರು’ ಎಂಬ ಒಂದೇ ಧಾತು, ಇಲ್ಲಿ ಹಳೆಯ ಜೋಡಿಯೇ ಉಳಿದಿತ್ತು. ಬರೆಯುವಾಗ ನನ್ನ ಕೈ ಹೆಮ್ಮೆಯಿಂದ ಓಡುತ್ತಿತ್ತು.

ಹೀಗೆ ಜಗಲಿಯಲ್ಲಿ ಅಜ್ಜಿಯ ಮಾತು ಬರೆದುಕೊಳ್ಳುತ್ತಿದ್ದಾಗ ಅಂಗಳದಿಂದ ಅವ್ವನ ಕೂಗು ಕೇಳಿತು. ಪಿಕ್ಕಿಂಗ್ ಮುಗಿಸಿ ಬಂದ ಹೆಂಗಸರು ಕಾಫಿ ಹಣ್ಣು ಹೆಕ್ಕಿ ಬೇರೆ ಮಾಡುತ್ತ ಕೂತಿದ್ದರು. ಮಲಬಾರಿನವರು, ಪಕ್ಕದ ದೊಡ್ಡ ಎಸ್ಟೇಟಿನ ಲೈನಿನಲ್ಲಿ, ಎಂದರೆ ಕೂಲಿಯವರ ಸಾಲುಮನೆಗಳಲ್ಲಿ ಇರುವವರು. ಅವ್ವ ಅವರಿಗೆ ಹೇಳುತ್ತಿದ್ದಳು:

"ಇಕ್ಕ ಮತಿ, ಏಳ್ರವ್ವ ಮ್ಯಾಕೆ, ಗಂಜಿ ಉಟ್ಟು!"

ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೆ. ಆ ದಿನ ಮೊದಲ ಸಲ ಕೇಳಿಸಿತು. "ಇಕ್ಕ", ಈಗ ಎಂದು, ನೆರೆಮನೆಯ ಕೊಡವರ ಮಾತು. "ಮತಿ", ಸಾಕು ಎಂದು, ಲೈನಿನವರ ಮಲಯಾಳ. "ಏಳ್ರವ್ವ ಮ್ಯಾಕೆ" ಅವ್ವನದೇ. ಅವಳ ತವರು ಕುಶಾಲನಗರದ ಹತ್ತಿರ, ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆ. "ಗಂಜಿ ಉಟ್ಟು" ಗಂಡನ ಮನೆಯ ಅರೆಭಾಷೆ. ಒಂದು ಉಸಿರಿನಲ್ಲಿ ನಾಲ್ಕು ಮಾತು, ಎಲ್ಲೂ ತೊಡರದೆ. ಹೆಂಗಸರು ಸೀರೆ ಕೊಡವಿಕೊಂಡು ಎದ್ದು ಹೋದರು. ಒಬ್ಬಳಿಗೂ ಅರ್ಥವಾಗದೆ ಉಳಿಯಲಿಲ್ಲ.

ನಾನು ಆ ವಾಕ್ಯವನ್ನು ಬರೆದುಕೊಂಡೆ. ಮರುದಿನ ಇನ್ನೊಂದು. ಆಮೇಲೆ ಅಜ್ಜಿಯನ್ನು ಬಿಟ್ಟು ಅವ್ವನ ಹಿಂದೆಯೇ ಸುತ್ತತೊಡಗಿದೆ. ಬೆರಕೆಗೂ ಒಂದು ದಾರಿ ಇತ್ತು. ಲೈನಿನವರ ಹತ್ತಿರ "ಮತಿ" ಎನ್ನುವವಳು ಅಜ್ಜಿಯ ಹತ್ತಿರ ಎಂದೂ ಅನ್ನುತ್ತಿರಲಿಲ್ಲ. ಕೊಡವತಿ ನೆರೆಯವಳು ಬಂದರೆ ಮಾತಿನ ತಲೆ ಕೊಡವದ್ದು, ಬಾಲ ತನ್ನದು. ಅರೆಭಾಷೆಯ ಮನೆಗೆ ಮದುವೆಯಾಗಿ ಬಂದ ಮೇಲೆ ಕಲಿತವಳು, ಆದರೂ ಮನುಷ್ಯರಿಗೆ "ಉಟ್ಟು" ಎಂದು ಒಮ್ಮೆಯೂ ತಪ್ಪಿ ಅಂದವಳಲ್ಲ. ಎಷ್ಟು ಬೆರೆಸಿದರೂ ಅಲ್ಲಿ ಬೆರೆಸಲಿಲ್ಲ. ನನಗೆ ಅಜ್ಜಿಯ ಮಾತಿಗಿಂತ ಇದು ಹೆಚ್ಚು ಬೆರಗಾಗಿ ಕಂಡಿತು.

ವಿಶ್ವವಿದ್ಯಾಲಯಕ್ಕೆ ಮರಳಿ ಎರಡು ಅಧ್ಯಾಯ ಬರೆದು ಕೊಟ್ಟೆ. ಒಂದು ಅಜ್ಜಿಯ ಮಾತು, ಒಂದು ಅವ್ವನ ಮಾತು. ಮೊದಲನೆಯದರ ಅಂಚಿನಲ್ಲಿ ಪ್ರಾಧ್ಯಾಪಕರು "ಸೊಗಸು" ಎಂದು ಬರೆದಿದ್ದರು. ಎರಡನೆಯದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಿದ್ದರು.

"ನೋಡಮ್ಮ, ಇದು ಭಾಷೆಯಲ್ಲ, ಕಲಬೆರಕೆ," ಎಂದರು, ಬೇಸರವಿಲ್ಲದೆ. "ನಿಮ್ಮ ತಾಯಿ ಆ ಊರಿನವರಲ್ಲ. ಅವರ ಮಾತಿನಿಂದ ಏನನ್ನೂ ಸಾಧಿಸಲಾಗದು."

"ಜನ ಆಡುವ ಮಾತಿನಲ್ಲಿ ತಪ್ಪು ಎಂಬುದಿಲ್ಲ ಎಂದಿದ್ದಿರಿ ಸರ್."

"ತಪ್ಪು ಅನ್ನಲಿಲ್ಲ. ಶುದ್ಧವಲ್ಲ ಅಂದೆ."

ಮಡಿಕೇರಿಯ ಅದೇ ಬೆಂಚು ಅವರ ಕೋಣೆಯ ಇಂಗ್ಲಿಷ್ ಪುಸ್ತಕಗಳ ನಡುವೆ ಬಂದು ನಿಂತ ಹಾಗಾಯಿತು ನನಗೆ. ಆ ಅಧ್ಯಾಯ ತೆಗೆಯುವುದಿಲ್ಲ ಎಂದೆ. ಅವರಿಗೆ ಆಶ್ಚರ್ಯವಾಯಿತು. ಆದರೆ ನ್ಯಾಯವಂತರು, ಮುಂದಿನ ರಜೆಯಲ್ಲಿ ತಾವೇ ಕೊಡಗಿಗೆ ಬಂದು ಕೇಳುತ್ತೇನೆ ಎಂದರು. ಬಂದರು ಕೂಡ. ಮಡಿಕೇರಿಯ ತನಕ ಬಸ್ಸು, ಅಲ್ಲಿಂದ ಅಪ್ಪ ಗೊತ್ತುಮಾಡಿದ ಜೀಪು.

ಅಜ್ಜಿ ಅಂದು ತನ್ನ ಪಾಡಿಗೆ ತಾನು ಮಾತಾಡಿದಳು. ಎಲೆ ಅಡಿಕೆ ಹಾಕಿಕೊಂಡು, ಬಂದವರು ಯಾರು ಎಂದು ಕೂಡ ವಿಚಾರಿಸದೆ. ಪ್ರಾಧ್ಯಾಪಕರು ಅವಳ ಪ್ರತಿ "ಒಳೊ"ಗೂ ತಲೆದೂಗಿದರು. ಆಮೇಲೆ ಅವ್ವ ಕಾಫಿ ತಂದಳು. ಕುಪ್ಪಸ, ಸೀರೆ ಎಲ್ಲ ಮದುವೆಮನೆಗೆ ಹೊರಟವಳ ಹಾಗೆ.

"ತಾವು ಪ್ರಯಾಣದಿಂದ ಬಹಳ ದಣಿದಿರಬೇಕು. ದಯವಿಟ್ಟು ಕಾಫಿಯನ್ನು ಸ್ವೀಕರಿಸಬೇಕು," ಎಂದಳು.

ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಅವರು ಮಳೆ ಕೇಳಿದರು, ಬೆಳೆ ಕೇಳಿದರು, ಅವಳ ತವರು ಕೇಳಿದರು. ಎಲ್ಲಕ್ಕೂ ಶಾಲೆಯ ಪಾಠದ ಪುಸ್ತಕದ ಉತ್ತರ. "ಈ ವರುಷ ಮಳೆಯು ಚೆನ್ನಾಗಿ ಬಂದಿದೆ." ಅಂಗಳದಲ್ಲಿ ಕೆಲಸದ ಹೆಂಗಸೊಬ್ಬಳು ಮಲಯಾಳದಲ್ಲಿ ಏನೋ ಕೇಳಿದಾಗಲೂ ಅವ್ವ ಕೈಸನ್ನೆಯಲ್ಲೇ ಉತ್ತರ ಕೊಟ್ಟಳು.

ಜೀಪು ಹತ್ತುವ ಮುಂಚೆ ಪ್ರಾಧ್ಯಾಪಕರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಿಮ್ಮ ತಾಯಿ ಒಳ್ಳೆಯ ಕನ್ನಡವನ್ನೇ ಮಾತಾಡುತ್ತಾರಲ್ಲಮ್ಮ. ನೀನು ಬರೆದುಕೊಂಡದ್ದು ಅವಸರದಲ್ಲಿ ಬಾಯಿ ತಪ್ಪಿ ಬಂದ ಮಾತು. ಆ ಅಧ್ಯಾಯ ಬಿಟ್ಟುಬಿಡು."

ಜೀಪು ಮರೆಯಾದದ್ದೇ ತಡ, ನಾನು ಅಡುಗೆಮನೆಗೆ ನುಗ್ಗಿದೆ.

"ಏನವ್ವ ಅದು? ಸ್ವೀಕರಿಸಬೇಕು! ಯಾವತ್ತು ಸ್ವೀಕರಿಸಬೇಕು ಅಂದಿದ್ದೆ ನೀನು?"

"ಇನ್ನೇನನ್ಬೇಕಿತ್ತು?" ಅವ್ವನಿಗೂ ಸಿಟ್ಟು ಬಂದಿತ್ತು. "ಅಷ್ಟು ದೂರದಿಂದ ದೊಡ್ಡೋರು ಬಂದವ್ರೆ. ಅವ್ರ ಮುಂದೆ ಯಾರಾದ್ರೂ ಹರಿದ ಸೀರೆ ಉಟ್ಕಂಡು ನಿಲ್ತಾರಾ? ನಿನ್ನ ಮಾನ ಉಳಿಸಿದೀನಿ ಕಣೆ."

"ಅದು ಹರಿದ ಸೀರೆ ಅಲ್ಲ ಅವ್ವ."

"ಮತ್ತೇನು? ನಮ್ಮಮ್ಮನ ಮನೇಲಿ ನಂಗೆ ಕೊಡಗಿನೋಳು ಅಂತಾರೆ. ಇಲ್ಲಿ ನಿಮ್ಮಜ್ಜಿ ಇವತ್ತಿಗೂ ನಂಗೆ ಬಯಲಿನೋರ ತರ ಮಾತಾಡ್ತಾಳೆ ಅಂತಾಳೆ. ಎಲ್ಲೋದ್ರೂ ನನ್ನ ಮಾತು ನಗೆಪಾಟ್ಲು. ಅದ್ನ ನೀನು ಪುಸ್ತಕದಾಗೆ ಬರೀತೀನಿ ಅಂತೀಯ."

ಅವಳ ಕಣ್ಣು ತುಂಬಿತ್ತು. ನನ್ನನ್ನು ಒಬ್ಬ ಮೇಷ್ಟರು ಒಂದು ದಿನ ಬೆಂಚಿನ ಮೇಲೆ ನಿಲ್ಲಿಸಿದ್ದರು. ಅವ್ವ ಮದುವೆಯಾದ ದಿನದಿಂದ ನಿಂತೇ ಇದ್ದಳು, ಅದೂ ನಮ್ಮದೇ ಮನೆಯಲ್ಲಿ. ಅವಳ ಪಕ್ಕ ಕೂತು ಹೇಳಿದೆ: "ಬರೀತೀನಿ ಅವ್ವ. ನೀನು ಬೇಡ ಅಂದ್ರೆ ಬಿಡ್ತೀನಿ. ಅವರು ಬೇಡ ಅಂದ್ರೆ ಬಿಡಲ್ಲ."

ಅವ್ವ ಒಲೆಗೆ ಸೌದೆ ತಳ್ಳಿದಳು. "ಬೇಡ ಅಂತ ನಾನೆಲ್ಲಿ ಅಂದೆ?" ಎಂದಳು.

ಪ್ರಬಂಧ ಒಪ್ಪಿಸುವ ಹೊತ್ತಿಗೆ ಪ್ರಾಧ್ಯಾಪಕರು ನನ್ನನ್ನು ಮತ್ತೆ ಕರೆಸಿದರು. ಅಜ್ಜಿಯ ಅಧ್ಯಾಯವನ್ನಷ್ಟೇ ಕೊಟ್ಟರೆ ಮೊದಲ ದರ್ಜೆ ಖಂಡಿತ, ಅದರ ಬೆನ್ನಿಗೇ ವಿಭಾಗದಲ್ಲಿ ಸಂಶೋಧಕಿಯ ಜಾಗ ಎಂದರು. ಆ ವಿಭಾಗದಲ್ಲಿ ಅಲ್ಲಿಯ ತನಕ ಹೆಂಗಸರಿಗೆ ಅಂಥ ಜಾಗ ಕೊಟ್ಟಿರಲಿಲ್ಲ. ಅವರು ಆಸೆ ತೋರಿಸುತ್ತಿರಲಿಲ್ಲ, ನಿಜವಾಗಿ ನನಗೆ ಒಳ್ಳೆಯದಾಗಲಿ ಎಂದೇ ಹೇಳುತ್ತಿದ್ದರು. ಅದಕ್ಕೇ ಬೇಡ ಎನ್ನುವುದು ಕಷ್ಟವಾಯಿತು.

"ಎರಡೂ ಅಧ್ಯಾಯ ಇರುತ್ತವೆ ಸರ್."

"ಹಾಗಾದರೆ ನನ್ನ ಶಿಫಾರಸು ಇರುವುದಿಲ್ಲ. ನಿನ್ನ ಸ್ವಂತ ಜವಾಬ್ದಾರಿಯ ಮೇಲೆ ಒಪ್ಪಿಸಬೇಕಾಗುತ್ತದೆ."

"ಆಗಲಿ."

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಅಷ್ಟು ದೂರದಲ್ಲಿ ನನ್ನವರು ಎನ್ನಲು ಇದ್ದವರು ಅವರೊಬ್ಬರೇ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ವಿದ್ವಾಂಸರು ವಯಸ್ಸಾದವರು, ಗಟ್ಟಿ ದನಿ. ಮೊದಲ ಅಧ್ಯಾಯವನ್ನು ಕುರಿತು ಚಂದಚಂದದ ಪ್ರಶ್ನೆ ಕೇಳಿದರು. ಆಮೇಲೆ ಎರಡನೆಯದನ್ನು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಓದಿದರು: "ಇಕ್ಕ ಮತಿ, ಏಳ್ರವ್ವ ಮ್ಯಾಕೆ, ಗಂಜಿ ಉಟ್ಟು." ಅವರ ಬಾಯಲ್ಲಿ ಅದು ಮಂತ್ರದ ಹಾಗೆ ಕೇಳಿತು. ಸುತ್ತ ಕೂತವರು ನಕ್ಕರು.

"ಇದು ಯಾವ ಭಾಷೆ?" ಎಂದರು.

"ನನ್ನ ಅವ್ವನ ಭಾಷೆ ಸರ್."

"ಅದು ಗೊತ್ತಾಯಿತು. ಕನ್ನಡವೋ, ಮಲಯಾಳವೋ, ಕೊಡವವೋ? ಯಾವುದಾದರೂ ಒಂದು ಹೆಸರು ಇರಬೇಕಲ್ಲ?"

"ಮಾತೃಭಾಷೆ ಎಂಬ ಹೆಸರು ಮೊದಲೇ ಇದೆ ಸರ್. ತಾಯಿಯ ಭಾಷೆ. ನನ್ನ ತಾಯಿ ಆಡುವುದು ಇದನ್ನು. ಬೇರೆಯವರ ತಾಯಿ ಆಡುವುದನ್ನು ನನ್ನ ಮಾತೃಭಾಷೆ ಎಂದು ಹೇಗೆ ಬರೆಯಲಿ?"

ಅಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ನಾಲ್ಕು ಭಾಷೆ ಬೆರೆಸಿದರೂ ಅವ್ವ "ಒಳೊ", "ಉಟ್ಟು" ಬೆರೆಸದಿರುವುದನ್ನು ತೋರಿಸಿದೆ. ಯಾರ ಮುಂದೆ ಯಾವ ಮಾತು ಮೊದಲು ಬರುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂದು ಉದಾಹರಣೆ ಕೊಟ್ಟೆ. ದೊಡ್ಡವರು ಬಂದರೆ ಇಡೀ ಬೆರಕೆಯೇ ಮಾಯವಾಗುತ್ತದೆ ಎಂಬುದನ್ನೂ ಹೇಳಿದೆ, ಪ್ರಾಧ್ಯಾಪಕರ ಕಡೆ ನೋಡದೆ. "ಇಷ್ಟು ಕಟ್ಟುಪಾಡು ಇರುವುದನ್ನು ಬಾಯಿತಪ್ಪು ಅನ್ನಲಾಗದು. ಶುದ್ಧರಾದವರನ್ನು ಮಾತ್ರ ಕೇಳುತ್ತೇವೆ ಎಂದರೆ ಕೊಡಗಿನಲ್ಲಿ ಮುಕ್ಕಾಲು ಜನ ಮೂಕರು ಎಂದು ಬರೆಯಬೇಕಾಗುತ್ತದೆ."

ದನಿ ಏರಿತ್ತು. ಇಳಿಸಿಕೊಳ್ಳಬೇಕು ಅನ್ನಿಸಲಿಲ್ಲ.

ಫಲಿತಾಂಶ ಬಂತು. ಪಾಸಾಗಿದ್ದೆ, ಕಟ್ಟಕಡೆಯ ದರ್ಜೆಯಲ್ಲಿ. ಎರಡನೆಯ ಅಧ್ಯಾಯವನ್ನು ಗಣನೆಗೆ ತೆಗೆದುಕೊಂಡಿಲ್ಲ, ಆದರೆ ತೆಗೆದುಹಾಕಬೇಕಾಗಿಯೂ ಇಲ್ಲ ಎಂದು ಪರೀಕ್ಷಕರ ಷರಾ. ಅರೆಭಾಷೆಗೆ ಅರೆ ಪದವಿ ಎಂದು ಸಹಪಾಠಿಗಳು ಹಾಸ್ಯ ಮಾಡಿದರು. ನಾನೂ ನಕ್ಕೆ. ಪ್ರಬಂಧ ಎರಡು ಅಧ್ಯಾಯವಾಗಿಯೇ ಬೈಂಡಾಗಿ ಅಲ್ಲಿನ ಲೈಬ್ರರಿಯ ಕಪಾಟು ಸೇರಿತು. ನನಗೆ ಬೇಕಾದದ್ದು ಅದು.

ಹೊರಡುವ ದಿನ ಪ್ರಾಧ್ಯಾಪಕರು ಹಾಸ್ಟೆಲಿನ ಬಾಗಿಲಿಗೇ ಬಂದಿದ್ದರು. "ಹಟಮಾರಿ," ಎಂದರು. ತಮ್ಮ ಕೈಯಲ್ಲಿದ್ದ ನಿಘಂಟನ್ನು ನನ್ನ ಪೆಟ್ಟಿಗೆಯ ಮೇಲಿಟ್ಟು ಹೋದರು. ನಾನು ಹಾಗೇ ನಿಂತಲ್ಲಿಂದಲೇ ಕೈಮುಗಿದೆ. ಅವರ ಬಗ್ಗೆ ನನಗಿರುವ ಗೌರವ ಇವತ್ತಿಗೂ ಕಮ್ಮಿಯಾಗಿಲ್ಲ. ಆ ಅಧ್ಯಾಯದ ವಿಷಯದಲ್ಲಿ ಅವರದು ತಪ್ಪು ಎಂಬ ನನ್ನ ಅಭಿಪ್ರಾಯವೂ ಕಮ್ಮಿಯಾಗಿಲ್ಲ.

ಮನೆಯಲ್ಲಿ ಅವ್ವ ದರ್ಜೆ ಎಷ್ಟು ಎಂದು ಕೇಳಿದಳು. ಹೇಳಿದೆ. "ನನ್ನಿಂದ ನಿಂಗೆ ಹಿಂಗಾಯ್ತು," ಎಂದು ಮುಖ ಸಣ್ಣ ಮಾಡಿಕೊಂಡಳು. ನಾನು ಪ್ರಬಂಧದ ಪ್ರತಿ ತೆಗೆದು ಅವಳ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಮೊದಮೊದಲು ಸೆರಗು ಬಾಯಿಗಿಟ್ಟುಕೊಂಡು ನಾಚಿದಳು. ಆಮೇಲೆ ನಕ್ಕಳು. ಎರಡು ಪುಟ ದಾಟುವಷ್ಟರಲ್ಲಿ ಹತ್ತಿರ ಸರಿದು ಕೂತು, "ನಿಲ್ಲಿಸು. ಅಲ್ಲಿ ತಪ್ಪು ಬರ್ದಿದೀಯ. ನಾನು ಹಂಗನ್ನಲ್ಲ," ಎಂದಳು. ಅಜ್ಜಿ ಜಗಲಿಯಿಂದ "ಎಂತ ನಗೆ ಅದ್?" ಎಂದು ಕೂಗಿದಳು. ಅವ್ವ ಅತ್ತ ತಿರುಗಿಯೂ ನೋಡದೆ "ಓದು, ಮುಂದಕ್ಕೆ ಓದು," ಎಂದಳು.

ಸಂಶೋಧಕಿಯ ಜಾಗ ಬೇರೆಯವರಿಗೆ ಹೋಯಿತು. ನಾನು ಶ್ರೀಮಂಗಲದಲ್ಲಿ ಶಾಲೆಯ ಟೀಚರಾದೆ. ಕೊಡಗು ಮೈಸೂರಿಗೆ ಸೇರುವ ಮಾತು ಆಗ ಎಲ್ಲರ ಬಾಯಲ್ಲಿತ್ತು. ಒಂದು ದಿನ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಮಕ್ಕಳನ್ನು ಲೆಕ್ಕ ಕೇಳಿದರೆ ಕೆಲವರು ಕೊಡವದಲ್ಲಿ, ಕೆಲವರು ಮಲಯಾಳದಲ್ಲಿ, ಕೆಲವರು ಎಲ್ಲ ಕೂಡಿಸಿ ಉತ್ತರ ಕೊಟ್ಟರು. ಲೆಕ್ಕ ಸರಿಯಿತ್ತು. ಇನ್ಸ್‌ಪೆಕ್ಟರ ಮುಖ ಕೆಂಪಗಾಯಿತು.

"ಏನಮ್ಮ ಇದು, ಶಾಲೆಯೋ ಸಂತೆಯೋ? ಇನ್ನು ಮೇಲೆ ದೊಡ್ಡ ರಾಜ್ಯಕ್ಕೆ ಸೇರುವವರು ನೀವು. ಶುದ್ಧ ಕನ್ನಡ ಆಡದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ."

"ಕನ್ನಡ ಕಲಿಸುತ್ತಿದ್ದೇನೆ ಸರ್, ಚೆನ್ನಾಗಿಯೇ ಬರೆಯುತ್ತಾರೆ, ಪುಸ್ತಕ ನೋಡಿ. ನಿಲ್ಲಿಸುವುದು ಮಾತ್ರ ಆಗುವುದಿಲ್ಲ."

"ಆಗುವುದಿಲ್ಲ ಎಂದರೆ?"

"ಆಗುವುದಿಲ್ಲ ಎಂದೇ."

ಅವರು ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಮಳೆಗಾಲಕ್ಕೆ ಮುಂಚೆ ನನ್ನನ್ನು ಬೆಟ್ಟದ ಮೂಲೆಯ ಕಕ್ಕಬೆಗೆ ವರ್ಗ ಮಾಡಿದರು. ಶಿಕ್ಷೆ ಎಂದೇ ಮಾಡಿದ್ದು. ಪೆಟ್ಟಿಗೆ ಕಟ್ಟುವಾಗ ಅಪ್ಪ "ಅಲ್ಲಿ ಚಳಿ ಜೋರು, ಕಂಬಳಿ ತೆಕ್ಕೊ," ಎಂದರು. ತೆಗೆದುಕೊಂಡೆ. ಕಕ್ಕಬೆಯ ಶಾಲೆಯಲ್ಲಿ ಮೊದಲ ದಿನ ಹಾಜರಿ ಕರೆದು ಮುಗಿಸಿ, ಮಕ್ಕಳಿಗೆ ಅವರವರ ಮನೆಯಲ್ಲಿ ಮಂಜಿಗೆ ಏನು ಹೇಳುತ್ತಾರೆಂದು ಕೇಳಿದೆ. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನ ತನಕ ಎಲ್ಲರೂ ಒಟ್ಟಿಗೇ ಕೂಗತೊಡಗಿದರು. ನಾನು ಸೀಮೆಸುಣ್ಣ ಹಿಡಿದು ಒಂದೊಂದನ್ನೂ ಬೋರ್ಡಿನ ಮೇಲೆ ಬರೆಯುತ್ತ ಹೋದೆ.